ನನ್ನ ಸಹಿಯನ್ನು ತನ್ನದೆಂದ ಮನುಷ್ಯ

ಅವರ ಮೂಗಿನಿಂದಲೇ ಶುರುಮಾಡುತ್ತೇನೆ. ಪುಟ್ಟೇನಹಳ್ಳಿ ಕೆರೆ ಕಡೆಯಿಂದ ಮುಖ್ಯರಸ್ತೆಗೆ ಬರುವ ತಿರುವಿನಲ್ಲಿ, ಜೆರಾಕ್ಸ್ ಅಂಗಡಿಯ ಪಕ್ಕ, ಒಂದು ಮಂಚ ಹಾಕಿದರೆ ತುಂಬಿಹೋಗುವಷ್ಟು ಜಾಗದಲ್ಲಿ ಅವರ ಕೊರಿಯರ್ ಕೌಂಟರ್ ಇತ್ತು. ನಾನು ಪಾರ್ಸೆಲ್ಲಿನ ಚೀಲ ಕಟ್ಟೆಯ ಮೇಲಿಟ್ಟರೆ ಅವರು ತಲೆಯೆತ್ತುತ್ತಲೂ ಇರಲಿಲ್ಲ. ತೂಕದ ಯಂತ್ರ ಒರೆಸುತ್ತಲೇ, "ಅಕ್ಕಾರ, ಈ ಸಲ ಮೆಂತ್ಯ ಒಂದ್ ಚೂರು ಜಾಸ್ತಿ ಹುರದೀರಿ" ಅನ್ನುತ್ತಿದ್ದರು. ಎರಡು ಪದರ ಪ್ಲಾಸ್ಟಿಕ್ಕು, ಅದರ ಮೇಲೆ ಡಬ್ಬ, ಡಬ್ಬದ ಸುತ್ತ ಟೇಪು. ಆದರೂ ಅವರಿಗೆ ಗೊತ್ತಾಗುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮನೆಗೆ ಬಂದು ಉಳಿದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡರೆ, ಹೌದು, ಸ್ವಲ್ಪ ಕಹಿ ಇರುತ್ತಿತ್ತು.

ನನ್ನದು ಮನೆಯಲ್ಲಿ ಮಾಡಿ ಮಾರುವ ಪುಡಿಗಳ ವ್ಯಾಪಾರ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಬಾಣಂತಿಯರಿಗೆ ಅಂಟಿನ ಉಂಡೆ. ನಮ್ಮ ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ, ಇಬ್ಬರೂ ಎದುರುಬದುರು ಕೂತು ಪೇಪರ್ ಓದಿದರೆ ಜಗಳವೇ ಗತಿ ಅನ್ನಿಸಿ ಶುರುಮಾಡಿದ್ದು. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಪುಣೆ, ಹೈದರಾಬಾದು, ದೆಹಲಿವರೆಗೆ ಹೋಗತೊಡಗಿತು. ವಾರಕ್ಕೆ ಹದಿನೈದು ಇಪ್ಪತ್ತು ಪಾರ್ಸೆಲ್ಲು. ಎಲ್ಲವೂ ಅವರ ಕೌಂಟರಿನಿಂದಲೇ.

ಕಳೆದ ತಿಂಗಳು ಅವರು ತೀರಿಕೊಂಡರು. ಜೈಲಿನಲ್ಲಿದ್ದರು. ಎದೆನೋವು ಎಂದು ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ ಹೋದರು. ಹೆಸರು ಬರೆಯುವುದಿಲ್ಲ. ಕೋರ್ಟಿನ ಕಾಗದಗಳಲ್ಲಿ ಅದು ಬೇಕಾದಷ್ಟು ಸಲ ಬಂದುಹೋಗಿದೆ. ಅವರು ಐದು ವರ್ಷದ ಹಿಂದೆಯೇ ಹೊರಗೆ ಬರಬೇಕಿತ್ತು. ಬರಲಿಲ್ಲ. ಅದರಲ್ಲಿ ನನ್ನ ಪಾಲು ಏನು ಎನ್ನುವುದನ್ನು ಬಿಟ್ಟು ಅವರ ಒಳ್ಳೆಯತನ ಮಾತ್ರ ಹೇಳಿಕೊಂಡು ಕೂತರೆ ನನಗೆ ಊಟ ಸೇರುವುದಿಲ್ಲ.

ಬಾಗಲಕೋಟೆ ಕಡೆಯವರು. ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಮಾತು ಒಂದಿಷ್ಟೂ ಬದಲಾಗಿರಲಿಲ್ಲ. ಚಿಕ್ಕಲಸಂದ್ರದಲ್ಲಿ ಬಾಡಿಗೆ ಮನೆ, ಹೆಂಡತಿ ಸೀರೆಗಳಿಗೆ ಫಾಲ್ಸ್, ಪಿಕೋ ಹಾಕಿಕೊಡುತ್ತಿದ್ದಳು, ಒಬ್ಬಳೇ ಮಗಳು. ಅವರಿಗೆ ಕೋಪ ಬರುತ್ತಿದ್ದುದು ಎರಡೇ ವಿಷಯಕ್ಕೆ. ಗಾಜಿನ ಬಾಟಲಿಯಲ್ಲಿ ಉಪ್ಪಿನಕಾಯಿ ತಂದರೆ ಮುಟ್ಟುತ್ತಲೇ ಇರಲಿಲ್ಲ. ಇನ್ನೊಂದು, ನಾನು ಟೇಪ್ ಸುತ್ತುವ ರೀತಿ. "ಏನ್ರಿ ಅಕ್ಕಾರ, ಟೇಪಿನ ಅಂಗಡಿ ಕೊಂಡೀರೇನು? ಹಿಂಗ ಸುತ್ತಿದ್ರ ಆ ಬಾಣಂತಿ ಬಿಚ್ಚೂದ್ರಾಗ ಕೂಸು ಶಾಲಿಗೆ ಹೋಗ್ತದ" ಎಂದು ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸಿ, ನನ್ನ ಟೇಪನ್ನೆಲ್ಲ ಕಿತ್ತು, ಸುತಳಿ ದಾರದಲ್ಲಿ ತಮ್ಮದೇ ಒಂದು ಗಂಟು ಹಾಕುತ್ತಿದ್ದರು. ಒಂದು ತುದಿ ಎಳೆದರೆ ಇಡೀ ಕಟ್ಟು ಬಿಚ್ಚಿಕೊಳ್ಳಬೇಕು, ಎಳೆಯದಿದ್ದರೆ ದೆಹಲಿಗೆ ಹೋಗಿ ಬಂದರೂ ಸಡಿಲಾಗಬಾರದು. ಆ ಗಂಟು ಕಲಿಯಲು ನಾನು ಎಷ್ಟೋ ಸಲ ಪ್ರಯತ್ನಿಸಿದೆ, ಬರಲಿಲ್ಲ.

ವಿಳಾಸದ ಕೆಳಗೆ ಅವರದೇ ಒಂದು ಸಾಲು ಇರುತ್ತಿತ್ತು. ಪಾರ್ಸೆಲ್ ಕೊಡಲು ಹೋಗುವವರಿಗೆ ಬರೆದದ್ದು. 'ತಿನ್ನೋ ಪದಾರ್ಥ, ನೆಲಕ್ಕಿಡಬ್ಯಾಡ್ರಿ, ಇರುವಿ ಬರ್ತಾವ.' ದೆಹಲಿಯಲ್ಲಿ ಅದನ್ನು ಓದುವವರು ಯಾರು ಎಂದು ನಾನು ಗೇಲಿ ಮಾಡಿದರೆ, "ಓದವಲ್ರಾಕ, ಕೈಲೆ ಬರದದ್ದು ಕಂಡ್ರ ಸಾಕ್ರಿ, ಒಗಿಯಾಕ ಮನಸು ಬರಂಗಿಲ್ಲ" ಅಂದರು. ಒಮ್ಮೆ ಬಿಟಿಎಂ ಲೇಔಟಿನ ಪಿ.ಜಿ.ಯ ಒಬ್ಬ ಹುಡುಗಿಗೆ ಊರಿಂದ ಅವಳ ತಾಯಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದರಂತೆ. ಬಾಗಿಲು ಹಾಕಿತ್ತು ಎಂದು ಪಾರ್ಸೆಲ್ಲು ಎರಡು ಸಲ ವಾಪಸು ಬಂದು ಇವರ ಕೌಂಟರಿನಲ್ಲಿ ಬಿದ್ದಿತ್ತು. ಮೂರನೇ ದಿನ ಇವರೇ ಬಸ್ ಹತ್ತಿ, ವಿಳಾಸ ಹುಡುಕಿ, ಅವಳು ಆಫೀಸಿನಿಂದ ಬರುವವರೆಗೆ ಮೆಟ್ಟಿಲ ಮೇಲೆ ಕೂತಿದ್ದು ಕೊಟ್ಟು ಬಂದರು. ಯಾಕೆ ಇಷ್ಟೆಲ್ಲ ಎಂದು ಕೇಳಿದ್ದಕ್ಕೆ, "ಮಂದಿ ಕೈಯಾಗಿನ ತಿನಿಸು ನಮ್ಮ ಕೈಯಾಗ ಕೆಡಬಾರದ್ರಿ" ಅಂದರು. ಇಂಥ ಮನುಷ್ಯನಿಗೆ ಯಾರಿಗೂ ಇಲ್ಲ ಅನ್ನುವುದು ಬರುತ್ತಿರಲಿಲ್ಲ. ಅದೇ ಮುಳುವಾಯಿತು.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಪ್ರತಿ ಪಾರ್ಸೆಲ್ಲಿಗೂ ಒಂದು ಫಾರಂ ಇರುತ್ತದೆ. ಕಳಿಸುವವರು ಯಾರು, ಒಳಗೆ ಏನಿದೆ, ಕೆಳಗೆ ಸಹಿ, ಜೊತೆಗೆ ಆಧಾರ್ ಪ್ರತಿ. ನನಗೆ ಮೊಣಕಾಲು ನೋವು. ಇಪ್ಪತ್ತು ಫಾರಂ ತುಂಬುವಷ್ಟು ಹೊತ್ತು ಆ ಕೌಂಟರಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಒಂದು ದಿನ ನಾನೇ ಹೇಳಿದೆ, "ಒಂದು ಪುಸ್ತಕ ಪೂರ್ತಿ ಸಹಿ ಮಾಡಿಕೊಟ್ಟುಬಿಡ್ತೀನಿ. ಆಟೋದಲ್ಲಿ ಪಾರ್ಸೆಲ್ ಕಳಿಸ್ತೀನಿ, ನೀವು ತುಂಬ್ಕೊಳಿ."

ಅವರು ಪೆನ್ನು ಕೊಡಲಿಲ್ಲ. "ಖಾಲಿ ಹಾಳಿ ಮ್ಯಾಲ ಸಹಿ ಮಾಡಬಾರದ್ರಿ ಅಕ್ಕಾರ."

"ಯಾಕೆ, ನಮ್ಮನೆ ಬರೆಸ್ಕೊಂಡ್ಬಿಡ್ತೀರಾ?"

ಜೆರಾಕ್ಸ್ ಅಂಗಡಿಯವರು ನಕ್ಕರು. ಅವರೂ ನಕ್ಕು ಪುಸ್ತಕ ಮುಂದಕ್ಕೆ ತಳ್ಳಿದರು. ಐವತ್ತು ಹಾಳೆಗೆ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ, ಆಧಾರ್ ಪ್ರತಿಗಳ ಒಂದು ಕಟ್ಟನ್ನೂ ಅಲ್ಲೇ ಬಿಟ್ಟೆ. ನನ್ನ ಸಹಿ ಕನ್ನಡದ್ದು, ಕೊನೆಯಲ್ಲಿ ಒಂದು ದೊಡ್ಡ ಬಾಲ. ಕೈ ನೋವು ಬಂತು ಎಂದು ಅವರ ಕೈಯಲ್ಲೇ ಅರ್ಧ ಕಪ್ ಟೀ ತರಿಸಿಕೊಂಡು ಕುಡಿದೆ. ಪುಸ್ತಕ ಮುಗಿದಾಗ ಇನ್ನೊಂದು, ಅದು ಮುಗಿದಾಗ ಮತ್ತೊಂದು. ಮೂರು ವರ್ಷ ಹೀಗೇ ನಡೆಯಿತು.

ಆಮೇಲೆ ನಡೆದದ್ದು ನನಗೆ ಗೊತ್ತಾದದ್ದು ಕೋರ್ಟಿನಲ್ಲಿ. ಇಸ್ತ್ರಿ ಶರಟು ಹಾಕಿದ, ನಯವಾಗಿ ಮಾತಾಡುವ ಒಬ್ಬ ಗಿರಾಕಿ ಬರತೊಡಗಿದ. ಆಧಾರ್ ತಂದಿಲ್ಲ, ಊರಿನಲ್ಲಿದೆ, ಇದೊಂದು ಸಲ ಅಂದ. ಒಳಗೆ ಏನಿದೆ ಎಂದು ಕೇಳಿದ್ದಕ್ಕೆ ಚಟ್ನಿಪುಡಿ ಎಂದು ಪ್ಯಾಕೆಟ್ಟು ತೋರಿಸಿದ. ನನ್ನದೇ ಪುಡಿ, ನನ್ನದೇ ಲೇಬಲ್ಲು. ಇವರು, ಅಕ್ಕನ ಪುಡಿ ತಾನೇ ಎಂದು ನನ್ನ ಸಹಿಯ ಒಂದು ಹಾಳೆ ಹರಿದು ತುಂಬಿಕೊಟ್ಟರು. ಎರಡನೇ ಸಲವೂ ಹಾಗೆಯೇ. ಮೂರನೇ ಸಲ ಅವರ ಮೂಗು ಸುಮ್ಮನಿರಲಿಲ್ಲ. ಬಿಚ್ಚಿ ನೋಡಿದರೆ ಪುಡಿಯ ನಡುವೆ ಎಳ್ಳುಂಡೆಯ ಹಾಗೆ ಕಪ್ಪಗಿನ ಚರಸ್ಸಿನ ಉಂಡೆಗಳು. ಗಿರಾಕಿಯನ್ನು ಕೇಳಿದರು. ಅವನು ನಗುತ್ತ, "ಹಿಂದಿನ ಎರಡೂ ಫಾರಂ ನಿಮ್ ಕೈಬರಹದಲ್ಲೇ ಇದೆಯಲ್ಲ ಅಣ್ಣ, ನನ್ನನ್ಯಾಕೆ ಹಿಡೀತಾರೆ" ಅಂದನಂತೆ. ಆವತ್ತು ಪೊಲೀಸರ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ, ಹೆದರಿದರು. ಅವನು ಕೊಟ್ಟ ದುಡ್ಡನ್ನು ತೆಗೆದುಕೊಂಡು ಇನ್ನೂ ಐದು ಸಲ ಕಳಿಸಿದರು. ಅವರನ್ನು ದೇವರು ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಆ ಐದು ಸಲ ಅವರಿಗೆ ಗೊತ್ತಿತ್ತು.

ಎಂಟು ವರ್ಷದ ಹಿಂದೆ, ಒಂದು ಬೆಳಗ್ಗೆ ಹತ್ತು ಗಂಟೆ. ನಾನು ಕಡಲೆಬೇಳೆ ಹುರಿಯುತ್ತಿದ್ದೆ. ಗೇಟಿನ ಮುಂದೆ ಜೀಪು ನಿಂತಿತು. ಇಬ್ಬರು ಪೊಲೀಸರ ನಡುವೆ ಇವರು, ಮೂರು ದಿನದ ಗಡ್ಡ, ಅಂಗಿಯ ಮೇಲಿನ ಗುಂಡಿ ಕಿತ್ತುಹೋಗಿತ್ತು. ಎದುರುಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದವರು ಬಟ್ಟೆ ಬಿಟ್ಟು ನೋಡುತ್ತಿದ್ದರು. ಇನ್ಸ್‌ಪೆಕ್ಟರು ಮರ್ಯಾದೆಯಿಂದಲೇ ಮಾತಾಡಿದರು. "ಮೇಡಂ, ಈ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ. ಲೇಬಲ್ ನಿಮ್ದು, ಆಧಾರ್ ನಿಮ್ದು. ಈ ಸಹಿ ನಿಮ್ದೇನಾ?"

ಫಾರಂ ನನ್ನ ಮುಖದ ಮುಂದೆ ಇತ್ತು. ಬಾಲವಿದ್ದ ಸಹಿ. ಹಿಂದೆ ಬಾಣಲೆಯಲ್ಲಿ ಬೇಳೆ ಸೀಯುತ್ತಿತ್ತು. ನಮ್ಮ ಮನೆಯವರು ನನ್ನ ಬೆನ್ನಿಗೆ ಬಂದು ನಿಂತು, ಸಣ್ಣ ದನಿಯಲ್ಲಿ "ಅಲ್ಲ ಅನ್ನು" ಅಂದರು. ಅವರು ಹೇಳದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ. ಅವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳುವುದಿಲ್ಲ.

"ಅಲ್ಲ ಸಾರ್. ನಾನು ಹಾಕಿಲ್ಲ."

ಇನ್ಸ್‌ಪೆಕ್ಟರು ಇವರ ಕಡೆ ತಿರುಗಿದರು. "ಏನಯ್ಯಾ, ಅವರೇ ಸಹಿ ಮಾಡಿ ಕೊಟ್ಟಿದ್ರು ಅಂದೆ?"

ಇವರು ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನು ಇಷ್ಟು ವರ್ಷದಲ್ಲಿ ಅದನ್ನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ತೂಕ ಮಾಡುವ ಮೊದಲು ಪಾರ್ಸೆಲ್ಲನ್ನು ಕೈಯಲ್ಲಿ ಹಿಡಿದು ಒಂದು ಕ್ಷಣ ಅಂದಾಜು ಮಾಡುತ್ತಿದ್ದರಲ್ಲ, ಹಾಗೆ ನೋಡಿದರು. ಆಮೇಲೆ ತಲೆ ತಗ್ಗಿಸಿ, "ಇಲ್ರಿ ಸಾಹೇಬ್ರ. ನಾನ ಹಾಕೇನಿ. ಅವರಿಗೇನೂ ಗೊತ್ತಿಲ್ಲ" ಅಂದರು. ಹೋಗುವಾಗ, "ಒಳಗ ಹೋಗಿ ಕುಂದರ್ರಿ ಅಕ್ಕಾರ, ಬಾಳ ಹೊತ್ತ ನಿಂತೀರಿ" ಎಂದರು. ನಾನು ಒಳಗೆ ಹೋಗಿ ಕೂತೆ. ಸೀದುಹೋದ ಬೇಳೆಯನ್ನು ನಮ್ಮ ಮನೆಯವರು ಚೆಲ್ಲಿದರು.

ಕೆಲವು ತಿಂಗಳ ಮೇಲೆ ಚಿಕ್ಕಲಸಂದ್ರಕ್ಕೆ ಅವರ ಮನೆಗೆ ಹೋದೆ. ಪಿಕೋ ಹಾಕಲು ಎರಡು ಸೀರೆ ತೆಗೆದುಕೊಂಡು ಹೋಗಿದ್ದೆ, ನೆಪಕ್ಕೆ. ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸಿ ನೀರು ಕೊಟ್ಟಳು. ಅವಳಿಗೆ ನನ್ನ ಸುಳ್ಳು ಗೊತ್ತಿರಲಿಲ್ಲ. ಗಂಡ ಅವಳಿಗೂ ಹೇಳಿರಲಿಲ್ಲ.

"ಸರ್ಕಾರದ ವಕೀಲರು ಮಾಫಿ ಸಾಕ್ಷಿ ಆಗು ಅಂದಾರಂತ್ರಿ ಅಕ್ಕಾರ" ಅಂದಳು. ಅದು ಏನು ಎಂದು ಅವಳೇ ತಿಳಿಸಿ ಹೇಳಿದಳು. ಆ ಹೊತ್ತಿಗೆ ಅವಳಿಗೆ ಬಾಯಿಪಾಠವಾಗಿತ್ತು. ಆರೋಪಿಯಾದವನೇ ಸರ್ಕಾರದ ಪರವಾಗಿ ಸಾಕ್ಷಿ ಹೇಳುವುದು. ಆ ಗಿರಾಕಿ, ಅವನ ಹಿಂದಿದ್ದ ಇನ್ನಿಬ್ಬರು, ತಾನು ಮಾಡಿದ ತಪ್ಪು, ಎಲ್ಲವನ್ನೂ ಬಿಡದೆ ಕೋರ್ಟಿಗೆ ಹೇಳಬೇಕು. ಹೇಳಿದರೆ ಕ್ಷಮೆ, ಸೀದಾ ಮನೆಗೆ. ಇಲ್ಲದಿದ್ದರೆ ಕಡಿಮೆಯೆಂದರೂ ಹತ್ತು ವರ್ಷ. "ಆದ್ರ ಒಂದ ಒಂದು ಮಾತು ಮುಚ್ಚಿಟ್ರೂ, ಒಂದು ಸುಳ್ಳು ಬೆರಸಿದ್ರೂ, ಮಾಫಿ ಹೋಗ್ತದಂತ್ರಿ."

"ಒಪ್ಕೊಂಡ್ರಾ?"

"ಒಪ್ಕೊಂಡಾರ. ಮಗಳ ಪಿಯುಸಿ ಮುಗಿಯೂದ್ರಾಗ ಮನಿಗೆ ಬರ್ತೀನಿ ಅಂದಾರ."

ಇದರಲ್ಲಿ ಇನ್ನೊಂದು ವಿಚಿತ್ರವಿತ್ತು. ಮಾಫಿ ಸಾಕ್ಷಿಯಾದವನು ಕೇಸು ಮುಗಿಯುವವರೆಗೆ ಜೈಲಿನಲ್ಲೇ ಇರಬೇಕಂತೆ, ಕಾನೂನೇ ಹಾಗೆ. ಆ ಇಸ್ತ್ರಿ ಶರಟಿನವನಿಗೂ ಅವನ ಕಡೆಯ ಇಬ್ಬರಿಗೂ ಒಂದೂವರೆ ವರ್ಷದಲ್ಲಿ ಜಾಮೀನು ಸಿಕ್ಕಿತು. ಕ್ಷಮೆಯ ಭರವಸೆ ಸಿಕ್ಕ ಇವರು ಮಾತ್ರ ಒಳಗೇ ಉಳಿದರು. ಮೂರು ವರ್ಷ. ಹೆಂಡತಿ ತಿಂಗಳಿಗೊಮ್ಮೆ ನೋಡಿ ಬರುತ್ತಿದ್ದಳು. ಪ್ರತಿ ಸಲವೂ ನನಗೆ ಅದೇ ಮಾತು ತರುತ್ತಿದ್ದಳು: "ಅಕ್ಕಾರು ಅರಾಮದಾರೇನು ಅಂತ ಕೇಳಿದ್ರು." ಒಮ್ಮೆಯಾದರೂ ನಾನು ಅವಳಿಗೆ ನಿಜ ಹೇಳಿಬಿಡಬಹುದಿತ್ತು. ಒಬ್ಬ ವಕೀಲರನ್ನು ಹುಡುಕಿ ಕೇಳಬಹುದಿತ್ತು. ನಾಳೆ ಹೇಳೋಣ ಅಂದುಕೊಂಡೇ ಮೂರು ವರ್ಷ ಪುಡಿ ಹುರಿದೆ.

ಕೋರ್ಟಿನಿಂದ ನನಗೆ ಸಮನ್ಸ್ ಬಂತು, ಸಾಕ್ಷಿ ಹೇಳಲು. ಆ ವಾರ ನನಗೆ ನಿದ್ದೆ ಇರಲಿಲ್ಲ. ನನ್ನ ಯೋಚನೆ ಹೀಗಿತ್ತು. ಅವರು ಎಲ್ಲವನ್ನೂ ನಿಜವಾಗಿ ಹೇಳುತ್ತೇನೆಂದು ಒಪ್ಪಿದ್ದಾರೆ. ಒಂದು ಸುಳ್ಳಿದ್ದರೂ ಕ್ಷಮೆ ಹೋಗುತ್ತದೆ. ಹಾಗಾದರೆ ನನ್ನ ಖಾಲಿ ಸಹಿಗಳ ವಿಷಯವನ್ನೂ ಹೇಳಿಯೇ ಹೇಳಿರುತ್ತಾರೆ, ಹೇಳಲೇಬೇಕು. ನಾನು ಹೋಗಿ ಮತ್ತೆ ಅಲ್ಲ ಅಂದರೆ ಅವರು ಸುಳ್ಳುಗಾರರಾಗುತ್ತಾರೆ. ಆದ್ದರಿಂದ ಈ ಸಲ ನಾನು ನಿಜ ಹೇಳಬೇಕು.

ನಮ್ಮ ಮನೆಯವರಿಗೆ ಹೇಳಿದೆ. "ಮೂರು ವರ್ಷ ಆದ್ಮೇಲೆ ಯಾಕೆ ಇದನ್ನ ಕೆದಕ್ತೀಯಾ? ಮೊದಲು ಏನು ಹೇಳಿದ್ಯೋ ಅದನ್ನೇ ಹೇಳಿ ಬಾ" ಅಂದರು. ಅವರ ಮೇಲೆ ರೇಗಿದೆ. "ಅವರ ಬಾಳು ಹೋಗುತ್ತೆ ರೀ, ನಿಮಗೆ ಏನೂ ಅನ್ಸೋದೇ ಇಲ್ವಾ?" ಅಂದೆ. ಈಗ ನೆನೆದರೆ, ಅವತ್ತು ಅವರು ಹೇಳಿದ್ದೇ ಸರಿಯಾಗಿತ್ತು. ಇದನ್ನು ಒಪ್ಪಿಕೊಳ್ಳುವುದು ಕೂಡ ಕಷ್ಟ.

ಮಹಾ ತ್ಯಾಗಕ್ಕೆ ಹೊರಟವಳ ಹಾಗೆ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟುಕೊಂಡು ಹೋದೆ. ಸಾಕ್ಷಿಗಳು ತಮ್ಮ ಸರದಿ ಬರುವವರೆಗೆ ಹೊರಗೇ ಕೂರಬೇಕು. ಒಳಗಿನವರು ಏನು ಹೇಳುತ್ತಾರೆ ಎಂದು ಕೇಳಿಸಬಾರದು. ಬೆಳಗ್ಗೆ ಅವರನ್ನು ಒಳಗೆ ಕರೆದುಕೊಂಡು ಹೋದರು. ತುಂಬ ಇಳಿದುಹೋಗಿದ್ದರು. ನನ್ನ ಬೆಂಚಿನ ಮುಂದೆ ಹಾಯುವಾಗ ಒಂದೇ ಮಾತು ಕೇಳಿದರು, "ಮೊಣಕಾಲು ಹ್ಯಾಂಗದಾವ್ರಿ?" ಜೊತೆಗಿದ್ದ ಪೊಲೀಸಿನವರು ಮಾತಾಡಬಾರದು ಅಂದರು. ನಾನು ಪರವಾಗಿಲ್ಲ ಎಂದು ತಲೆ ಅಲ್ಲಾಡಿಸಿದೆ. ಎರಡು ಗಂಟೆ ಹೊತ್ತು ಒಳಗೆ ಅವರ ಹೇಳಿಕೆ ನಡೆಯಿತು. ಆಮೇಲೆ ನನ್ನನ್ನು ಕೂಗಿದರು.

ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಕೈಯಲ್ಲಿ ಫಾರಂ ಹಿಡಿದು, ಮುಂದಿನ ಹಾಳೆ ತಿರುವುತ್ತಲೇ ಕೇಳಿದರು. ಉತ್ತರ ಗೊತ್ತಿರುವ ಪ್ರಶ್ನೆ ಅವರಿಗೆ.

"ಇದರಲ್ಲಿರೋ ಸಹಿ ನಿಮ್ಮದಲ್ಲ ತಾನೇ ಅಮ್ಮ?"

"ನನ್ನದೇ ಸಾರ್."

ವಕೀಲರ ಕೈ ಹಾಳೆಯ ಮೇಲೇ ನಿಂತಿತು. "ಸರಿಯಾಗಿ ನೋಡಿ ಹೇಳಿ."

"ನೋಡಿಯೇ ಹೇಳ್ತಿದೀನಿ ಸಾರ್. ಖಾಲಿ ಫಾರಂ ಪುಸ್ತಕಕ್ಕೆ ಸಹಿ ಮಾಡಿ ನಾನೇ ಕೊಟ್ಟಿದ್ದೆ. ಅವತ್ತು ಪೊಲೀಸರ ಹತ್ರ ಭಯದಲ್ಲಿ ಸುಳ್ಳು ಹೇಳಿದೆ. ಅವರು ನಕಲು ಮಾಡಿಲ್ಲ." ಎದೆಯ ಮೇಲಿದ್ದ ಬಂಡೆ ಇಳಿದ ಹಾಗಾಯಿತು. ಅವರನ್ನು ಹುಡುಕಿದೆ. ಮಧ್ಯಾಹ್ನ ಮತ್ತೆ ಅವರನ್ನು ಪ್ರಶ್ನಿಸುವುದಿತ್ತೆಂದು ಹಿಂದಿನ ಕಿಟಕಿಯ ಪಕ್ಕ ಕೂರಿಸಿದ್ದರು. ಅವರು ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ಆಡಿಸುತ್ತಿದ್ದರು. ನಾನು ಪಾರ್ಸೆಲ್ಲಿಗೆ ಜಾಸ್ತಿ ಟೇಪ್ ಸುತ್ತಿದಾಗ ಆಡಿಸುತ್ತಿದ್ದ ಹಾಗೆಯೇ.

ಆರೋಪಿಗಳ ಪರ ವಕೀಲರು ಎದ್ದುನಿಂತರು. ಅವರ ಮುಖದಲ್ಲಿ ಹಬ್ಬ. ಬೆಳಗ್ಗೆ ಇವರು ಪ್ರಮಾಣ ಮಾಡಿ ಹೇಳಿದ್ದನ್ನು ಬರೆದುಕೊಂಡಿದ್ದ ಹಾಳೆಯಿಂದ ಗಟ್ಟಿಯಾಗಿ ಓದಿದರು: "ಆ ಹೆಂಗಸಿನ ಸಹಿಯನ್ನು ನಾನೇ ನಕಲು ಮಾಡಿದೆ. ಆಕೆ ಯಾವತ್ತೂ ಖಾಲಿ ಫಾರಂಗೆ ಸಹಿ ಮಾಡಿ ಕೊಟ್ಟವರಲ್ಲ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆ ಮನುಷ್ಯ ಹತ್ತು ವರ್ಷದ ಜೈಲನ್ನು ತಲೆಯ ಮೇಲಿಟ್ಟುಕೊಂಡು, ಮಗಳನ್ನು ಮನೆಯಲ್ಲಿಟ್ಟುಕೊಂಡು, ಎಲ್ಲವನ್ನೂ ಒಪ್ಪಿಕೊಂಡಿದ್ದರು. ಗಿರಾಕಿಯ ಹೆಸರು, ತಾನು ಹೆದರಿದ್ದು, ತೆಗೆದುಕೊಂಡದ್ದು, ಮೂಗಿಗೆ ವಾಸನೆ ಬಂದದ್ದು, ಎಲ್ಲ. ಒಂದನ್ನು ಮಾತ್ರ ಬಿಟ್ಟಿದ್ದರು. ನಾನು ಬಾಗಿಲಲ್ಲಿ ನಿಂತು ಹೇಳಿದ ಸುಳ್ಳು ಕೋರ್ಟಿನಲ್ಲಿ ಸುಳ್ಳಾಗಬಾರದೆಂದು ಅದನ್ನು ತಮ್ಮ ನಿಜವಾಗಿ ಮಾಡಿಕೊಂಡಿದ್ದರು. ನಾನು ಅಲ್ಲ ಅಂದಿದ್ದರೆ ಅದು ಹಾಗೇ ಮುಗಿದುಹೋಗುತ್ತಿತ್ತು. ಅವತ್ತು ಸಾಯಂಕಾಲವೇ ಅಲ್ಲದಿದ್ದರೂ ಇನ್ನು ಆರು ತಿಂಗಳಿಗೆ ಮನೆಗೆ ಹೋಗುತ್ತಿದ್ದರು. ಮೂರು ವರ್ಷ ತಡಮಾಡಿ, ಹೇಳಬಾರದ ಒಂದೇ ಒಂದು ದಿನ ನಾನು ನಿಜ ಹೇಳಿದೆ.

ವಕೀಲರು ಬಿಡಲಿಲ್ಲ. ಈತ ಸುಳ್ಳುಗಾರ, ಈ ಹೆಂಗಸು ಈತನ ಪಾಲುದಾರಳು, ಅವಳನ್ನು ಮುಚ್ಚಿಡಲು ನನ್ನ ಕಕ್ಷಿದಾರರ ಮೇಲೆ ಹೊರಿಸುತ್ತಿದ್ದಾನೆ ಎಂದರು. ಮಧ್ಯಾಹ್ನ ಅವರನ್ನು ನಿಲ್ಲಿಸಿ ಇದನ್ನೇ ಇಪ್ಪತ್ತು ಬಗೆಯಲ್ಲಿ ಕೇಳಿದರಂತೆ. ಅವರು ಇಪ್ಪತ್ತು ಸಲವೂ "ಅಕ್ಕಾರಿಗೆ ಏನೂ ಗೊತ್ತಿಲ್ಲ" ಅಂದರಂತೆ. ಮುಖ್ಯವಾದ ಸಂಗತಿ ಮುಚ್ಚಿಟ್ಟಿದ್ದಾನೆ ಎಂದು ಸರ್ಕಾರಿ ವಕೀಲರೇ ಬರೆದುಕೊಟ್ಟರು. ಕ್ಷಮೆ ಹೋಯಿತು. ಇವರನ್ನು ನಂಬುವ ಹಾಗಿಲ್ಲ ಎಂದು ಇಸ್ತ್ರಿ ಶರಟಿನವನೂ ಅವನ ಕಡೆಯವರೂ ಬಿಡುಗಡೆಯಾದರು. ಇವರ ಮೇಲೆ ಬೇರೆಯಾಗಿ ಕೇಸು ನಡೆದು ಹತ್ತು ವರ್ಷ ಬಿತ್ತು.

ನನ್ನ ಮೇಲೆ ಏನೂ ಬೀಳಲಿಲ್ಲ. ಪೊಲೀಸರ ಮುಂದೆ ಹೇಳಿದ ಸುಳ್ಳಿಗೆ ಪ್ರಮಾಣವಿರಲಿಲ್ಲ. ಪ್ರಮಾಣ ಮಾಡಿ ಹೇಳಿದ್ದು ನಿಜ. ಕಾನೂನಿನ ಪ್ರಕಾರ ಆ ಕೇಸಿನಲ್ಲಿ ಸರಿಯಾಗಿ ನಡೆದುಕೊಂಡವಳು ನಾನೊಬ್ಬಳೇ.

ಅವರ ಹೆಂಡತಿ ನನ್ನ ಮುಖಕ್ಕೆ ಬಾಗಿಲು ಹಾಕಿದಳು. ಅದು ನ್ಯಾಯವೇ. ಒಂದು ವರ್ಷದ ಮೇಲೆ ಧೈರ್ಯ ಮಾಡಿ ನಾನೇ ಜೈಲಿಗೆ ಹೋಗಿ ಅವರನ್ನು ನೋಡಿದೆ. ನಡುವೆ ಗಾಜು, ಇಬ್ಬರ ಕೈಯಲ್ಲೂ ಫೋನು. ಏನೇನೋ ಹೇಳಬೇಕೆಂದುಕೊಂಡು ಹೋಗಿದ್ದೆ, ಅಳುವುದೊಂದೇ ಆಯಿತು. ಅವರು ನಾನು ಅತ್ತು ಮುಗಿಸುವವರೆಗೆ ಕಾದರು.

"ಯಾಕೆ ಹಾಗ್ ಹೇಳಿದ್ರಿ?" ಅಂದೆ. "ಎಲ್ಲ ನಿಜ ಹೇಳ್ಬೇಕು ಅಂತ ನಿಮಗೆ ಗೊತ್ತಿತ್ತಲ್ಲ."

"ಗೊತ್ತಿತ್ರಿ. ನೀವು ಮತ್ತ ಅಲ್ಲ ಅಂತೀರಿ ಅಂದ್ಕೊಂಡಿದ್ದೆ." ಸ್ವಲ್ಪ ಹೊತ್ತು ಫೋನಿನ ತಂತಿ ಹಿಡಿದು ಬೆರಳಿಗೆ ಸುತ್ತಿಕೊಂಡರು. "ನಿಮ್ಮನ್ನ ಅಷ್ಟ ಸಣ್ಣಾಕಿ ಅಂತ ತಿಳಕೊಂಡೆ ನೋಡ್ರಿ. ನೀವು ಹಂಗಿರಲಿಲ್ಲ. ತಪ್ಪು ನಂದೈತ್ರಿ ಅಕ್ಕಾರ, ಮನಸಿಗೆ ಹಚ್ಕೋಬ್ಯಾಡ್ರಿ."

ನನ್ನಲ್ಲಿ ಕ್ಷಮೆ ಕೇಳಿದರು. ಅವರು, ನನ್ನಲ್ಲಿ. ಆಮೇಲೆ ಈಗ ಪಾರ್ಸೆಲ್ ಎಲ್ಲಿಂದ ಕಳಿಸುತ್ತೀರಿ, ಅವರು ಇರುವೆ ಬರದ ಹಾಗೆ ಇಡುತ್ತಾರಾ ಎಂದು ವಿಚಾರಿಸಿದರು. ವ್ಯಾಪಾರ ನಿಲ್ಲಿಸಿಬಿಟ್ಟೆ ಅನ್ನಲು ಬಾಯಿ ಬರಲಿಲ್ಲ. ಇಡುತ್ತಾರೆ ಅಂದೆ. ಅದೊಂದು ಸುಳ್ಳು ಅವರಿಗೆ ಹೇಳಿದ್ದಕ್ಕೆ ನನಗೆ ಬೇಸರವಿಲ್ಲ.

ಕಳೆದ ತಿಂಗಳು ಅವರ ಹೆಂಡತಿಯ ಫೋನು ಬಂತು. ಅಷ್ಟು ವರ್ಷಗಳ ಮೇಲೆ ಅವಳ ದನಿ. "ಅಕ್ಕಾರ, ಅವರು ಹೋದ್ರು. ಮಗಳು ದಾರ್ಯಾಗ ಅದಾಳ. ಇಲ್ಲೆ ಕಾಗದ ಓದಾಕ ನನಗ ಬರಂಗಿಲ್ಲ, ನೀವು ಬರ್ತೀರೇನು?" ನನ್ನ ಮೇಲಿನ ಸಿಟ್ಟು ಹೋಗಿತ್ತೋ, ಬೇರೆ ಯಾರೂ ನೆನಪಾಗಲಿಲ್ಲವೋ ಗೊತ್ತಿಲ್ಲ. ಕೇಳಲೂ ಇಲ್ಲ. ಆಟೋ ಹಿಡಿದು ಹೋದೆ.

ಜೈಲಿನ ಕಚೇರಿಯಲ್ಲಿ ಅವರ ಸಾಮಾನು ಒಂದು ಬಟ್ಟೆಯ ಚೀಲದಲ್ಲಿತ್ತು. ಮೇಜಿನ ಹಿಂದಿದ್ದವರು ಒಂದು ಫಾರಂ ಅವಳ ಮುಂದೆ ಸರಿಸಿ, ಕೆಳಗಿನ ಗೆರೆ ತೋರಿಸಿದರು. "ಇಲ್ಲಿ ಸಹಿ ಮಾಡಮ್ಮ ಸಾಕು. ಮೇಲಿಂದು ಆಮೇಲೆ ನಾವೇ ತುಂಬ್ಕೋತೀವಿ."

ಅವಳು ಪೆನ್ನು ತೆಗೆದುಕೊಂಡಳು. ನಾನು ಅವಳ ಕೈ ಹಿಡಿದೆ.

"ಮೊದಲು ತುಂಬಿ ಸಾರ್. ಆಮೇಲೆ ಮಾಡ್ತಾಳೆ."

"ಏನಿದೆ ಅಂತ ತುಂಬೋದಮ್ಮ? ಎರಡು ಹಳೇ ಬಟ್ಟೆ."

"ಇರೋದನ್ನೇ ಬರೀರಿ. ನಾವು ಕಾಯ್ತೀವಿ."

ಅವರು ಗೊಣಗಿಕೊಂಡು ಚೀಲ ಬಿಚ್ಚಿದರು. ಅಂಗಿ ಎರಡು. ಪಂಚೆ ಒಂದು. ಕನ್ನಡಕ ಒಂದು, ಒಂದು ಕಡ್ಡಿಗೆ ದಾರ ಸುತ್ತಿತ್ತು. ಮಗಳ ಫೋಟೋ ಒಂದು. ಒಂದೊಂದನ್ನೂ ಬರೆಯುವವರೆಗೆ ನಾನು ನಿಂತೇ ಇದ್ದೆ. ಕನ್ನಡಕದ ದಾರದ ತುದಿಯಲ್ಲಿ, ಪಾರ್ಸೆಲ್ಲಿಗೆ ಹಾಕುತ್ತಿದ್ದ ಅವರ ಗಂಟು ಇತ್ತು. ಅವಳು ಅದನ್ನು ಮುಟ್ಟಿ ನೋಡಿದಳು, ಎಳೆಯಲಿಲ್ಲ. ಆಮೇಲೆ ತನ್ನ ಹೆಸರಿನ ಮುಂದೆ ನಿಧಾನವಾಗಿ ಸಹಿ ಮಾಡಿದಳು.

"ಸಾಕ್ಷಿ ಒಬ್ಬರು ಬೇಕು" ಎಂದು ಅವರು ಫಾರಮನ್ನು ನನ್ನ ಕಡೆ ತಿರುಗಿಸಿದರು. ಮೇಲಿಂದ ಕೆಳಗಿನವರೆಗೆ ಓದಿ ನಾನೂ ಸಹಿ ಹಾಕಿದೆ. ಈಗ ಬಾಲ ಮೊದಲಿನಷ್ಟು ಉದ್ದ ಬರುವುದಿಲ್ಲ. ಕೊರಿಯರಿಗೆಂದು ಹಿಂದೆ ನಾನು ಸಹಿ ಮಾಡಿಟ್ಟಿದ್ದ ಆಧಾರ್ ಪ್ರತಿಯ ಮೇಲಿನ ಸಹಿಯನ್ನೂ ಇದನ್ನೂ ಅವರು ಎರಡು ಸಲ ಹೋಲಿಸಿ ನೋಡಿದರು.

"ಇದು ನಿಮ್ದೇ ಸಹಿನಾ ಅಮ್ಮ?"

ಎಂಟು ವರ್ಷದ ಹಿಂದೆ ನಮ್ಮ ಮನೆ ಬಾಗಿಲಲ್ಲಿ ಕೇಳಿದ್ದೂ ಇಷ್ಟೇ. "ಹೌದು, ನನ್ನದೇ" ಅಂದೆ. ಅವರು ಸೀಲು ಒತ್ತಿ, ಚೀಲವನ್ನು ಅವಳ ಕೈಗೆ ಕೊಟ್ಟರು.